ಅಪ್‌ಗ್ರೇಡ್ ನಂತರ ವೈಫೈ ಮಾಯ, ಕೇಬಲ್ ಹಾಕಿದರೂ ಸೈಟ್ ತೆರೆಯುತ್ತಿಲ್ಲ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಲಿನಕ್ಸ್ ಮಿಂಟ್ 21 ಅನ್ನು 22ಕ್ಕೆ ಅಪ್‌ಗ್ರೇಡ್ ಮಾಡಿದೆ. ಅಂದಿನಿಂದ ವೈಫೈ ಆಯ್ಕೆಯೇ ಕಾಣುತ್ತಿಲ್ಲ. ರೂಟರ್‌ನಿಂದ ಲ್ಯಾನ್ ಕೇಬಲ್ ಹಾಕಿದರೆ ‘ಕನೆಕ್ಟೆಡ್’ ಎನ್ನುತ್ತದೆ, 8.8.8.8ಕ್ಕೆ ಪಿಂಗ್ ಕೂಡ ಹೋಗುತ್ತದೆ, ಆದರೆ ಒಂದು ಸೈಟೂ ತೆರೆಯುವುದಿಲ್ಲ. ವೈಫೈ ಚಿಪ್ ರಿಯಲ್‌ಟೆಕ್ 8821ಸಿಇ. ಅದಕ್ಕೆ ಹಿಂದೆ ಗಿಟ್‌ಹಬ್‌ನಿಂದ ಡ್ರೈವರ್ ಹಾಕಿಕೊಂಡಿದ್ದೆ. ಒಂದು ವಿಪಿಎನ್ ಆ್ಯಪ್ ಇತ್ತು, ಅಪ್‌ಗ್ರೇಡ್‌ಗೆ ಮೊದಲು ತೆಗೆದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕು ಎನ್ನುತ್ತಿದ್ದಾರೆ ಸ್ನೇಹಿತರು. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಫಾರ್ಮ್ಯಾಟ್ ಬೇಡ. ಪಿಂಗ್ ಎಂಬ ಪರೀಕ್ಷಾ ಸಂದೇಶ ಹೊರಗಿನ 8.8.8.8 ವಿಳಾಸಕ್ಕೆ ಹೋಗಿ ಬರುತ್ತಿದೆ ಎಂದರೆ ಕೇಬಲ್, ಲ್ಯಾನ್ ಪೋರ್ಟ್, ಅದರ ಡ್ರೈವರ್, ರೂಟರ್ ಕೊಟ್ಟ ಐಪಿ ವಿಳಾಸ, ಹೊರಗೆ ಹೋಗುವ ದಾರಿ, ಇಂಟರ್‌ನೆಟ್ ಕಂಪನಿಯ ಲೈನು ಎಲ್ಲ ಸರಿ ಇವೆ. ಸೈಟಿನ ಹೆಸರನ್ನು ಐಪಿ ಸಂಖ್ಯೆಗೆ ಬದಲಿಸಿಕೊಡುವ ಡಿಎನ್‌ಎಸ್ ಕೆಟ್ಟಿರುವ ಸಂಭವವೇ ಹೆಚ್ಚು. ವೈಫೈನದು ತೀರಾ ಕೆಳಗಿನ ಹಂತದ ತೊಂದರೆ: ಕಾರ್ಡಿಗೆ ಡ್ರೈವರೇ ಸಿಕ್ಕಿಲ್ಲ. ಎರಡೂ ಒಂದೇ ದಿನ ಕೈಕೊಟ್ಟಿದ್ದರಿಂದ ಒಂದೇ ರೋಗದಂತೆ ಕಾಣುತ್ತಿದೆ, ಆದರೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು. ಸಿಕ್ಕಸಿಕ್ಕ ಸಲಹೆಯನ್ನೆಲ್ಲ ಒಟ್ಟಿಗೆ ಪ್ರಯೋಗಿಸಿದರೆ ಮೂರನೆಯದೊಂದು ದೋಷ ಸೇರಿಕೊಳ್ಳುತ್ತದೆ. ಮೊದಲು ಕೇಬಲ್ ಸರಿಮಾಡಿ. ಇಂಟರ್‌ನೆಟ್ ಬಂದರೆ ವೈಫೈಗೆ ಬೇಕಾದ ಪ್ಯಾಕೇಜುಗಳನ್ನು ಇಳಿಸಿಕೊಳ್ಳಬಹುದು.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ಅಡ್ಡಗೀಟು, ಚುಕ್ಕೆ, ಖಾಲಿ ಜಾಗ ಇಲ್ಲಿರುವಂತೆಯೇ ಇರಲಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ‘ರಿಸಾಲ್ವ್.ಕಾನ್ಫ್’ ಎಂಬಲ್ಲಿ ಮಾತ್ರ ‘ರಿಸಾಲ್ವ್’ ಅನ್ನು ಕೊನೆಯ ಇಂಗ್ಲಿಷ್ ‘ಇ’ ಇಲ್ಲದೆ ಬರೆಯಬೇಕು.

ಕೇಬಲ್ ಹಾಕಿಕೊಂಡು ಈ ಎರಡು ಆಜ್ಞೆ ಕೊಡಿ:

ರಿಸಾಲ್ವ್‌ಸಿಟಿಎಲ್ ಕ್ವೆರಿ ವಿಕಿಪೀಡಿಯ.ಆರ್ಗ್
ಗೆಟ್ಎಂಟ್ ಹೋಸ್ಟ್ಸ್ ವಿಕಿಪೀಡಿಯ.ಆರ್ಗ್

ನೋಡಲು ಎರಡೂ ಒಂದೇ ಕೆಲಸ ಮಾಡುತ್ತವೆ, ಹೋಗುವ ದಾರಿ ಬೇರೆ. ಮೊದಲನೆಯದು ಸಿಸ್ಟಂಡಿ-ರಿಸಾಲ್ವ್ಡ್ ಎಂಬ ಡಿಎನ್‌ಎಸ್ ಸೇವೆಯನ್ನು ನೇರವಾಗಿ ಕೇಳುತ್ತದೆ. ಎರಡನೆಯದು ಸಾಮಾನ್ಯ ಪ್ರೋಗ್ರಾಂಗಳ ಹಾಗೆ /ಇಟಿಸಿ/ರಿಸಾಲ್ವ್.ಕಾನ್ಫ್ ಕಡತ ಓದಿ, ಅಲ್ಲಿ ಬರೆದಿರುವ ಸರ್ವರನ್ನು ಕೇಳುತ್ತದೆ. ಮೊದಲನೆಯದು ಉತ್ತರ ಕೊಟ್ಟು ಎರಡನೆಯದು ಸುಮ್ಮನಿದ್ದರೆ ಆ ಕಡತವೇ ಕೆಟ್ಟಿದೆ. ನಿಮ್ಮಲ್ಲಿ ಆಗಿರುವುದು ಬಹುಪಾಲು ಇದೇ, ಏಕೆಂದರೆ ಕೆಲವು ವಿಪಿಎನ್ ಆ್ಯಪ್‌ಗಳು ಚಾಲೂ ಆಗುವಾಗ ಅದನ್ನು ತಮ್ಮ ಸರ್ವರಿನ ವಿಳಾಸದೊಂದಿಗೆ ತಿದ್ದಿ ಬರೆಯುತ್ತವೆ, ಅನ್‌ಇನ್‌ಸ್ಟಾಲ್ ಆಗುವಾಗ ಹಳೆಯ ಸ್ಥಿತಿಗೆ ತರುವುದಿಲ್ಲ. ವಿಪಿಎನ್ ಸಂಪರ್ಕ ಹೋದ ಮೇಲೆ ಆ ವಿಳಾಸಕ್ಕೆ ದಾರಿಯೇ ಇರುವುದಿಲ್ಲ.

ಕಡತ ನೋಡಿ:

ಎಲ್‌ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್

ಮಿಂಟ್‌ನಲ್ಲೂ ಉಬುಂಟುವಿನಲ್ಲೂ ಇದು ನಿಜವಾದ ಕಡತವಲ್ಲ, ../ರನ್/ಸಿಸ್ಟಂಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ ಕಡೆ ಬಾಣ ತೋರಿಸುವ ಕೊಂಡಿ. ಒಳಗೆ (‘ಕ್ಯಾಟ್’ ಕೊಟ್ಟು ಅದೇ ಕಡತದ ಹೆಸರು ಬರೆದರೆ ಕಾಣುತ್ತದೆ) 127.0.0.53 ಎಂಬ ವಿಳಾಸ ಇರಬೇಕು. ಬಾಣವಿಲ್ಲದೆ ಬರೀ ಕಡತ ಕಂಡು, ಒಳಗೆ 10ರಿಂದ ಶುರುವಾಗುವ ವಿಳಾಸವಿದ್ದರೆ ಅದು ವಿಪಿಎನ್ ಬಿಟ್ಟುಹೋದದ್ದು. ಕೊಂಡಿಯನ್ನು ಮತ್ತೆ ಹಾಕಿ:

ಸುಡೊ ಎಲ್‌ಎನ್ -ಎಸ್‌ಎಫ್ ../ರನ್/ಸಿಸ್ಟಂಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ /ಇಟಿಸಿ/ರಿಸಾಲ್ವ್.ಕಾನ್ಫ್
ಸುಡೊ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಸಿಸ್ಟಂಡಿ-ರಿಸಾಲ್ವ್ಡ್

‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದರೆ ಯಾರೋ ಆ ಕಡತಕ್ಕೆ ಬೀಗ ಹಾಕಿದ್ದಾರೆ. ಡಿಎನ್‌ಎಸ್ ಬದಲಾಗದಂತೆ ‘ಸಿಎಚ್‌ಎಟಿಟಿಆರ್ +ಐ’ ಕೊಡಿ ಎಂಬ ಸಲಹೆ ಅಂತರ್ಜಾಲದಲ್ಲಿ ಬಹಳ ಓಡಾಡುತ್ತದೆ, ದಯವಿಟ್ಟು ಪಾಲಿಸಬೇಡಿ. ಮನೆ ಬಿಟ್ಟು ಹಾಸ್ಟೆಲ್‌ಗೋ ಆಫೀಸಿಗೋ ಹೋದ ದಿನ ಅದೇ ನಿಮ್ಮನ್ನು ಸಿಕ್ಕಿಹಾಕಿಸುತ್ತದೆ. ಬೀಗ ತೆಗೆಯಲು ಸುಡೊ ಸಿಎಚ್‌ಎಟಿಟಿಆರ್ -ಐ ಕೊಟ್ಟು ಕಡತದ ಹೆಸರು ಸೇರಿಸಿ, ಆಮೇಲೆ ಮೇಲಿನ ಕೊಂಡಿ ಹಾಕಿ.

ಎರಡೂ ಆಜ್ಞೆಗಳು ಸೋತರೆ ದೋಷ ಇನ್ನೊಂದು ಕಡೆ ಇದೆ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ನಿಮ್ಮ ಲ್ಯಾನ್ ಕಾರ್ಡಿನ ಹೆಸರಿನ ಕೆಳಗೆ ಡಿಎನ್‌ಎಸ್ ಸರ್ವರ್ ಇದೆಯೇ ನೋಡಿ. ಇಲ್ಲದಿದ್ದರೆ, ಅಥವಾ ರೂಟರಿನ ಡಿಎನ್‌ಎಸ್ ಸತ್ತಿದ್ದರೆ, ನೀವೇ ಒಂದನ್ನು ಕೊಡಬಹುದು. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ’ ಸಂಪರ್ಕದ ಹೆಸರು ಹೇಳುತ್ತದೆ. ಸಾಮಾನ್ಯವಾಗಿ ‘ವೈರ್ಡ್ ಕನೆಕ್ಷನ್ 1’, ಮೊದಲಕ್ಷರ ದೊಡ್ಡದು. ಆಮೇಲೆ:

ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ "ವೈರ್ಡ್ ಕನೆಕ್ಷನ್ 1" ಐಪಿವಿ4.ಡಿಎನ್‌ಎಸ್ "1.1.1.1 8.8.8.8" ಐಪಿವಿ4.ಇಗ್ನೋರ್-ಆಟೊ-ಡಿಎನ್‌ಎಸ್ ಯೆಸ್
ಎನ್‌ಎಂಸಿಎಲ್‌ಐ ಕನೆಕ್ಷನ್ ಅಪ್ "ವೈರ್ಡ್ ಕನೆಕ್ಷನ್ 1"

ಇದು ಮನೆಗೆ ಸರಿ. ಲಾಗಿನ್ ಪುಟ ಬರುವ ಹಾಸ್ಟೆಲ್, ಕಾಲೇಜು, ಆಫೀಸ್ ನೆಟ್‌ವರ್ಕ್‌ಗಳಲ್ಲಿ ಅಲ್ಲಿನ ಡಿಎನ್‌ಎಸ್ಸೇ ಬೇಕು, ಇಲ್ಲದಿದ್ದರೆ ಲಾಗಿನ್ ಪುಟ ತೆರೆಯದೇ ಹೋಗಬಹುದು.

ಅದೇ ಸಂಪರ್ಕಗಳ ಪಟ್ಟಿಯಲ್ಲಿ ನೀವು ಮಾಡಿಕೊಳ್ಳದ, ‘ಡಮ್ಮಿ’ ಎಂಬ ಬಗೆಯ ಸಂಪರ್ಕವೇನಾದರೂ ಕಂಡರೆ ಅದೂ ವಿಪಿಎನ್‌ನ ಪಳೆಯುಳಿಕೆ. ವಿಪಿಎನ್ ಕಡಿದಾಗ ಬೇರೆ ದಾರಿಯಲ್ಲಿ ಮಾಹಿತಿ ಸೋರದಂತೆ ತಡೆಯಲು ಇಡುವ ಗೋಡೆ ಅದು. ಆ್ಯಪ್ ಹೋದ ಮೇಲೆ ಗೋಡೆಯೊಂದೇ ನಿಂತಿರುತ್ತದೆ. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಡಿಲೀಟ್’ ಕೊಟ್ಟು ಅದರ ಹೆಸರು ಬರೆದರೆ ಹೋಗುತ್ತದೆ.

ಹೆಸರು ಸರಿಯಾಗಿ ಬಿಡಿಸಿಕೊಂಡ ಮೇಲೂ ಸೈಟ್ ತೆರೆಯದಿದ್ದರೆ ಮೊದಲು ಗಡಿಯಾರ ನೋಡಿ. ಹಳೆಯ ಲ್ಯಾಪ್‌ಟಾಪ್‌ನ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿದ್ದರೆ ಬ್ರೌಸರ್ ಎಲ್ಲ ಸೈಟುಗಳ ಭದ್ರತಾ ಪ್ರಮಾಣಪತ್ರವನ್ನೂ ತಿರಸ್ಕರಿಸುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟರೆ ತಿಳಿಯುತ್ತದೆ.

ಎರಡನೆಯದು ಪ್ಯಾಕೆಟ್ ಗಾತ್ರ. ನಮ್ಮಲ್ಲಿ ಬಹಳಷ್ಟು ಫೈಬರ್ ಲೈನುಗಳು ಪಿಪಿಪಿಒಇ ಎಂಬ, ಲಾಗಿನ್ ಮಾಡಿ ಸೇರುವ ಪದ್ಧತಿಯ ಮೂಲಕ ಬರುತ್ತವೆ. ಅದರ ತಲೆಬರಹಕ್ಕೆ 8 ಬೈಟ್ ಹೋಗುವುದರಿಂದ 1500ರ ಬದಲು 1492 ಬೈಟ್ ಮಾತ್ರ ದಾಟುತ್ತದೆ. ಒಳ್ಳೆಯ ರೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಅದು ಮಾಡದಿದ್ದಾಗ ಬರುವ ಲಕ್ಷಣ ವಿಚಿತ್ರ: ಪಿಂಗ್ ಚೆನ್ನಾಗಿದೆ, ಕೆಲವು ಸೈಟು ತೆರೆಯುತ್ತವೆ, ಇನ್ನು ಕೆಲವು ತಿರುಗುತ್ತಲೇ ಇರುತ್ತವೆ. ಪಿಂಗ್ ಕಳಿಸುವುದು ಚಿಕ್ಕ ಪ್ಯಾಕೆಟ್ಟು, ಅದಕ್ಕೇ ಅದು ಯಾವಾಗಲೂ ದಾಟುತ್ತದೆ. ಪರೀಕ್ಷೆ ಹೀಗೆ, ಇಲ್ಲಿ ‘ಎಂ’ ದೊಡ್ಡಕ್ಷರ:

ಪಿಂಗ್ -ಎಂ ಡು -ಎಸ್ 1472 1.1.1.1
ಪಿಂಗ್ -ಎಂ ಡು -ಎಸ್ 1464 1.1.1.1

ಎರಡಕ್ಕೂ ತಲೆಬರಹದ 28 ಬೈಟ್ ಸೇರಿಸಿ ಲೆಕ್ಕ ಹಾಕಿ: 1500 ಮತ್ತು 1492. ಮೊದಲನೆಯದು ಸೋತು ಎರಡನೆಯದು ಗೆದ್ದರೆ ಲೈನಿನ ಮಿತಿ 1492. ಪಿಪಿಪಿಒಇ ಲೈನಿನಲ್ಲಿ ಇದು ಸಹಜವೇ. ಸೈಟುಗಳೂ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕದ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಜಾಗದಲ್ಲಿ 1492 ಬರೆಯಿರಿ. ಮೂರನೆಯದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ (ಹಳೆಯದು ಐಪಿವಿ4). ರೂಟರ್ ಐಪಿವಿ6 ವಿಳಾಸ ಹಂಚಿ, ಹೊರಗೆ ದಾರಿ ಮಾತ್ರ ಕೊಡದಿದ್ದರೆ ಬ್ರೌಸರ್ ಹೇಗೋ ಐಪಿವಿ4ಕ್ಕೆ ಜಾರಿಕೊಳ್ಳುತ್ತದೆ, ‘ಎಪಿಟಿ ಅಪ್‌ಡೇಟ್’ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ‘ಕರ್ಲ್ -4’ ಮತ್ತು ‘ಕರ್ಲ್ -6’ ಎರಡರಲ್ಲೂ ಒಂದೇ ಸೈಟನ್ನು ಕೇಳಿ ನೋಡಿದರೆ ಗೊತ್ತಾಗುತ್ತದೆ.

ಈಗ ವೈಫೈ. ಕೇಬಲ್ ಸರಿಯಾಗದಿದ್ದರೂ ಇಲ್ಲಿಗೆ ಬರಬಹುದು: ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಲಿನಕ್ಸ್‌ಗೆ ಅದು ಇನ್ನೊಂದು ಲ್ಯಾನ್ ಕಾರ್ಡಿನಂತೆ ಕಾಣುತ್ತದೆ, ಹೊಸ ಡ್ರೈವರ್ ಬೇಕಿಲ್ಲ. ಡೇಟಾ ಸಾಗಿಸದ, ಬರೀ ಚಾರ್ಜಿಂಗ್‌ನ ಅಗ್ಗದ ಕೇಬಲ್ ಆಗಿದ್ದರೆ ಟೆಥರಿಂಗ್ ಆಯ್ಕೆ ಮಸುಕಾಗಿಯೇ ಇರುತ್ತದೆ.

ಕಾರ್ಡು ಯಂತ್ರಕ್ಕೆ ಕಾಣುತ್ತಿದೆಯೇ ಎಂಬುದು ಮೊದಲ ಪ್ರಶ್ನೆ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದದ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಸಾಲು ಹುಡುಕಿ. ನಿಮ್ಮ ಚಿಪ್ಪಿನ ಗುರುತು 10ಇಸಿ:ಸಿ821. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ? ನಿಮ್ಮಲ್ಲಿ ಅದು ಇರಲಾರದು. ‘ಕರ್ನಲ್ ಮಾಡ್ಯೂಲ್ಸ್’ ಸಾಲೊಂದೇ ಇದ್ದು, ಅದರಲ್ಲಿ ಆರ್‌ಟಿಡಬ್ಲ್ಯು88_8821ಸಿಇ ಎಂದಿರುತ್ತದೆ. ಅಂದರೆ ಕಾರ್ಡು ಬದುಕಿದೆ, ಅದನ್ನು ನಡೆಸಬಲ್ಲ ಡ್ರೈವರ್ ಡಿಸ್ಕಿನಲ್ಲೇ ಇದೆ, ಆದರೆ ಅದನ್ನು ಒಳಗೆ ಬಿಟ್ಟುಕೊಂಡಿಲ್ಲ.

ಯಾಕೆ ಬಿಟ್ಟುಕೊಂಡಿಲ್ಲ ಎಂಬುದೇ ನಿಮ್ಮ ತೊಂದರೆಯ ತಿರುಳು. ಈ ಚಿಪ್ಪಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಡ್ರೈವರ್ ಬಂದದ್ದು 5.9ರಲ್ಲಿ, 2020ರಲ್ಲಿ. ಅದಕ್ಕೂ ಮುಂಚೆ, ಅನೇಕರು ಆಮೇಲೆ ಕೂಡ, ಹೊರಗಿನ ಡ್ರೈವರನ್ನು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಮಾಡುವ ಡಿಕೆಎಂಎಸ್ ಮೂಲಕ ಕಟ್ಟಿಕೊಳ್ಳುತ್ತಿದ್ದರು. ಎರಡು ಡ್ರೈವರು ಒಂದೇ ಕಾರ್ಡಿಗೆ ಜಗಳವಾಡದಿರಲಿ ಎಂದು ಕರ್ನಲ್‌ನ ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸಲು ಆ ಹೊರಗಿನ ಡ್ರೈವರಿನ ಸೂಚನೆಗಳೇ ಹೇಳುತ್ತಿದ್ದವು. ಮಿಂಟ್ 21 ಬಂದದ್ದು 5.15 ಕರ್ನಲ್‌ನೊಂದಿಗೆ, ಮಿಂಟ್ 22 ಬಂದದ್ದು 6.8ರೊಂದಿಗೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, 5.15ಕ್ಕೆ ಬರೆದ ಹೊರಗಿನ ಕೋಡು 6.8ರಲ್ಲಿ ಕಂಪೈಲ್ ಆಗುವ ಖಾತರಿ ಇಲ್ಲ. ಹೀಗಾಗಿ ಹೊರಗಿನದು ಕಟ್ಟಲಾಗದೆ ಬಿತ್ತು, ಒಳಗಿನದು ಕಪ್ಪುಪಟ್ಟಿಯಲ್ಲಿ ಉಳಿಯಿತು. ಅಪ್‌ಗ್ರೇಡ್ ಪ್ರೋಗ್ರಾಂ ನೀವು ಕೈಯಾರೆ ಬರೆದ ಕಡತವನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಪರೀಕ್ಷಿಸಿ:

ಡಿಕೆಎಂಎಸ್ ಸ್ಟೇಟಸ್
ಗ್ರೆಪ್ -ಆರ್ 8821 /ಇಟಿಸಿ/ಮಾಡ್‌ಪ್ರೋಬ್.ಡಿ

ಮೊದಲನೆಯದರಲ್ಲಿ ಆರ್‌ಟಿಎಲ್8821ಸಿಇ ಹೆಸರಿನ ಮುಂದೆ ಆವೃತ್ತಿ ಸಂಖ್ಯೆ ಇದ್ದು, 6.8 ಕರ್ನಲ್‌ಗೆ ‘ಇನ್‌ಸ್ಟಾಲ್ಡ್’ ಎಂದಿರದಿದ್ದರೆ ಮೇಲಿನ ಊಹೆ ಸರಿ. ಎರಡನೆಯದು ‘ಬ್ಲ್ಯಾಕ್‌ಲಿಸ್ಟ್ ಆರ್‌ಟಿಡಬ್ಲ್ಯು88_8821ಸಿಇ’ ಎಂಬ ಸಾಲನ್ನೂ ಅದಿರುವ ಕಡತವನ್ನೂ ತೋರಿಸುತ್ತದೆ. ಆ ಕಡತವನ್ನು ‘ಸುಡೊ ನ್ಯಾನೊ’ದಲ್ಲಿ ತೆರೆದು ಸಾಲಿನ ಮುಂದೆ # ಹಾಕಿ ಉಳಿಸಿ. ನಂತರ ಹೊರಗಿನ ಡ್ರೈವರ್ ತೆಗೆಯಿರಿ. ‘ಆವೃತ್ತಿ’ ಎಂದಿರುವಲ್ಲಿ ಡಿಕೆಎಂಎಸ್ ತೋರಿಸಿದ್ದನ್ನು ಹಾಗೇ ಬರೆಯಬೇಕು:

ಸುಡೊ ಡಿಕೆಎಂಎಸ್ ರಿಮೂವ್ ಆರ್‌ಟಿಎಲ್8821ಸಿಇ/ಆವೃತ್ತಿ --ಆಲ್
ಸುಡೊ ಅಪ್‌ಡೇಟ್-ಇನಿಟ್‌ರಾಂಎಫ್‌ಎಸ್ -ಯು
ಸುಡೊ ಮಾಡ್‌ಪ್ರೋಬ್ ಆರ್‌ಟಿಡಬ್ಲ್ಯು88_8821ಸಿಇ

ಕೆಲವು ಸೆಕೆಂಡುಗಳಲ್ಲಿ ಮೂಲೆಯ ಐಕಾನ್‌ನಲ್ಲಿ ವೈಫೈ ಹೆಸರುಗಳು ಬರಬೇಕು. ಬಾರದಿದ್ದರೆ ಕರ್ನಲ್ ಏನು ಹೇಳುತ್ತಿದೆ ಎಂದು ಕೇಳಿ: ‘ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಆರ್‌ಟಿಡಬ್ಲ್ಯು’. ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಆವೃತ್ತಿಯ ಸಾಲು ಕಂಡರೆ ಡ್ರೈವರ್ ಎದ್ದಿದೆ. ‘ಎರರ್ -2’ ಎಂದರೆ ಫರ್ಮ್‌ವೇರ್ ಕಡತವೇ ಇಲ್ಲ. ‘ಸುಡೊ ಎಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಲಿನಕ್ಸ್-ಫರ್ಮ್‌ವೇರ್’ ಕೊಟ್ಟು ರೀಸ್ಟಾರ್ಟ್ ಮಾಡಿ. -110 ಎಂದರೆ ಕಾರ್ಡು ಸಮಯಕ್ಕೆ ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಮತ್ತೆ ಆನ್ ಮಾಡಿ. ಪಕ್ಕದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಬಿಡಿ. ವಿಂಡೋಸ್ ಶಟ್‌ಡೌನ್ ಆದಂತೆ ತೋರಿಸಿ ಅರ್ಧ ನಿದ್ದೆಗೆ ಜಾರಿದಾಗ ಕಾರ್ಡೂ ಅದೇ ಸ್ಥಿತಿಯಲ್ಲಿ ಲಿನಕ್ಸ್ ಕೈಗೆ ಬರುವುದುಂಟು.

ಇದು ಹಾರ್ಡ್‌ವೇರ್ ತೊಂದರೆಯೇ ಎಂಬ ಅನುಮಾನ ಉಳಿದರೆ ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡಿ. ಆನ್ ಆಗುವಾಗ ಕಂಪನಿಯ ಲೋಗೊ ಬಂದೊಡನೆ ಎಸ್ಕೇಪ್ ಒತ್ತಿದರೆ ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ 5.15 ಇನ್ನೂ ಉಳಿದಿದ್ದರೆ ಅದನ್ನು ಆರಿಸಿ. ಈ ಪರೀಕ್ಷೆಯನ್ನು ಹೊರಗಿನ ಡ್ರೈವರ್ ತೆಗೆಯುವ ಮೊದಲೇ ಮಾಡಿದರೆ ಒಳ್ಳೆಯದು: ಅಲ್ಲಿ ವೈಫೈ ಬಂದರೆ ಕಾರ್ಡು ನೂರಕ್ಕೆ ನೂರು ಸರಿ.

ಕರ್ನಲ್‌ನ ಡ್ರೈವರ್ ಈ ಚಿಪ್ಪಿನಲ್ಲಿ ಕೆಲವೊಮ್ಮೆ ಕಡಿದು ಕಡಿದು ಹೋಗುತ್ತದೆ. ಜನ ಹೊರಗಿನದಕ್ಕೆ ಹೋಗಿದ್ದು ಅದಕ್ಕೇ. ಕಾರಣ ಹೆಚ್ಚಾಗಿ ವಿದ್ಯುತ್ ಉಳಿತಾಯ: ಕಾರ್ಡು ನಿದ್ದೆಗೆ ಹೋಗಿ ಸಮಯಕ್ಕೆ ಏಳುವುದಿಲ್ಲ. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಆರ್‌ಟಿಡಬ್ಲ್ಯು88.ಕಾನ್ಫ್ ಎಂಬ ಹೊಸ ಕಡತ ಮಾಡಿ ಈ ಎರಡು ಸಾಲು ಬರೆಯಿರಿ:

ಆಪ್ಷನ್ಸ್ ಆರ್‌ಟಿಡಬ್ಲ್ಯು88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=1
ಆಪ್ಷನ್ಸ್ ಆರ್‌ಟಿಡಬ್ಲ್ಯು88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=1

ಜೊತೆಗೆ /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಒಳಗಿನ ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್.ಕಾನ್ಫ್ ಕಡತದಲ್ಲಿ ‘ವೈಫೈ.ಪವರ್‌ಸೇವ್ = 3’ ಇರುವುದನ್ನು 2 ಮಾಡಿ. 3 ಎಂದರೆ ಉಳಿತಾಯ ಆನ್, 2 ಎಂದರೆ ಆಫ್. ದಾರಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಎಂಬಲ್ಲಿ ಎನ್ ಮತ್ತು ಎಂ ದೊಡ್ಡಕ್ಷರ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಆನ್‌ಲೈನ್ ತರಗತಿಯ ಮಧ್ಯೆ ಕಡಿಯುವುದಕ್ಕಿಂತ ಅದು ವಾಸಿ.

ಇಷ್ಟಾದ ಮೇಲೂ ಹೊರಗಿನ ಡ್ರೈವರೇ ಬೇಕೆಂದರೆ 6.8ಕ್ಕೆ ಹೊಂದಿಸಿದ ಹೊಸ ಕೋಡು, ಲಿನಕ್ಸ್-ಹೆಡರ್ಸ್-ಜೆನೆರಿಕ್, ಬಿಲ್ಡ್-ಎಸೆನ್ಷಿಯಲ್ ಮೂರೂ ಬೇಕು. ಆಗ ಕಪ್ಪುಪಟ್ಟಿಯ ಸಾಲಿನ # ತೆಗೆಯಬೇಕು. ಹೆಡರ್ಸ್ ಇಲ್ಲದಿದ್ದರೆ ಡಿಕೆಎಂಎಸ್ ಏನನ್ನೂ ಕಟ್ಟಲಾರದು. ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ಬಾಗಿಲಿದೆ. ನೀವು ಕಟ್ಟಿದ ಮಾಡ್ಯೂಲಿನ (ಡ್ರೈವರಿನ) ಸಹಿಯನ್ನು ಯಂತ್ರ ನಂಬಬೇಕು, ಇಲ್ಲದಿದ್ದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ತಳ್ಳುತ್ತದೆ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುವುದು ಇದಕ್ಕೇ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅನೇಕರು ಆ ಪರದೆಗೆ ಹೆದರಿ ‘ಕಂಟಿನ್ಯೂ’ ಒತ್ತುತ್ತಾರೆ, ಡ್ರೈವರ್ ಲೋಡ್ ಆಗುವುದೇ ಇಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಕರ್ನಲ್‌ನೊಳಗಿನ ಡ್ರೈವರ್ ಸುಮಾರಾಗಿ ನಡೆದರೂ ಅದರಲ್ಲೇ ಇರಿ, ಇಲ್ಲದಿದ್ದರೆ ಪ್ರತಿ ದೊಡ್ಡ ಅಪ್‌ಗ್ರೇಡ್‌ನಲ್ಲೂ ಇದೇ ಪಾಡು.

ಡ್ರೈವರ್ ಇದ್ದೂ ವೈಫೈ ಆನ್ ಆಗದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್ ಬ್ಲಾಕ್ಡ್’ ಆಗಿದ್ದರೆ ಆಜ್ಞೆಯಿಂದ ಆಗದು. ಪಕ್ಕದ ಸ್ವಿಚ್, ವಿಮಾನದ ಚಿತ್ರವಿರುವ ಕೀ, ಅಥವಾ ಬಯೋಸ್‌ನ ವೈರ್‌ಲೆಸ್ ಆಯ್ಕೆ ನೋಡಬೇಕು. ಹೆಸರು ಕಂಡು, ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಉಳಿಸಿಟ್ಟ ಹಳೆಯ ಸಂಪರ್ಕ ಅಳಿಸಿ ಹೊಸದಾಗಿ ಸೇರಿ. ಆಗಲೂ ಆಗದಿದ್ದರೆ ರೂಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಬೆರೆತಿರುವ ಭದ್ರತೆಯ ಆಯ್ಕೆ ಬಿಟ್ಟು ಬರೀ ಡಬ್ಲ್ಯುಪಿಎ2 ಇಟ್ಟು ನೋಡಿ. ಹಳೆಯ ಚಿಪ್ಪುಗಳು ಆ ಬೆರಕೆಯಲ್ಲಿ ಎಡವುತ್ತವೆ.

ಸೇರಿಕೊಂಡ ಮೇಲೆ ನಿಧಾನವೆನಿಸಿದರೆ ‘ಐಡಬ್ಲ್ಯು ಡೆವ್’ ಕೊಟ್ಟು ಕಾರ್ಡಿನ ಹೆಸರು ತಿಳಿದು, ‘ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಲಿಂಕ್’ ಎಂಬಂತೆ ಕೇಳಿ. ಸಿಗ್ನಲ್ -50 ಡಿಬಿಎಂ ಸುತ್ತ ಇದ್ದರೆ ಚೆನ್ನ, -67ರವರೆಗೆ ವಿಡಿಯೊ ಕರೆ ನಡೆಯುತ್ತದೆ, -80ಕ್ಕೆ ಇಳಿದರೆ ಯಾವ ಡ್ರೈವರ್ ಬದಲಿಸಿದರೂ ಫಲವಿಲ್ಲ, ರೂಟರಿನ ಜಾಗ ಬದಲಿಸಬೇಕು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ, ಅವುಗಳಲ್ಲಿ ಖಾಲಿ ಇರುವುದನ್ನು ಆರಿಸಿ.

ಇನ್ನೊಂದು ಬಲೆಯ ಬಗ್ಗೆ ಈಗಲೇ ಎಚ್ಚರಿಸಬೇಕು, ಏಕೆಂದರೆ ವೈಫೈ ಬಂದ ಮೇಲೂ ನೀವು ಕೇಬಲ್ ಹಾಗೇ ಬಿಟ್ಟಿರುತ್ತೀರಿ. ಎರಡೂ ಇದ್ದಾಗ ನೆಟ್‌ವರ್ಕ್‌ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಎಂಬ ಅಂಕ ಕೊಡುತ್ತದೆ. ಕಡಿಮೆ ಅಂಕದ ದಾರಿಗೆ ಮೊದಲ ಆದ್ಯತೆ. ಕೇಬಲ್‌ನ ಆ ತುದಿಯಲ್ಲಿ ವಿಳಾಸ ಹಂಚುವ ಆದರೆ ಇಂಟರ್‌ನೆಟ್ ಇಲ್ಲದ ಹಳೆಯ ರೂಟರ್ ಇದ್ದರೆ, ವೈಫೈ ಗಟ್ಟಿಯಾಗಿದ್ದರೂ ಎಲ್ಲವೂ ಆ ಸತ್ತ ದಾರಿಯಲ್ಲಿ ಹೋಗಿ ಬೀಳಬಹುದು. ‘ಐಪಿ ರೂಟ್’ ಕೊಟ್ಟರೆ ‘ಡಿಫಾಲ್ಟ್’ ಎಂದು ಶುರುವಾಗುವ ಸಾಲುಗಳಲ್ಲಿ ಈ ಅಂಕಗಳು ಕಾಣುತ್ತವೆ. ಕೇಬಲ್ ಕಿತ್ತರೆ ಸಮಸ್ಯೆ ಮಾಯವಾಗುವುದೇ ಇದರ ಗುರುತು.

ಮುಂದೆಂದಾದರೂ ಪಿಂಗ್ ಕೂಡ ಹೋಗದ ದಿನ ಬಂದರೆ ‘ಐಪಿ ಅಡ್ರೆಸ್’ನಿಂದ ಶುರು ಮಾಡಿ. ‘ನೋ-ಕ್ಯಾರಿಯರ್’ ಎಂದರೆ ತಂತಿಯಲ್ಲಿ ಜೀವವೇ ಇಲ್ಲ: ಕೇಬಲ್, ತುದಿಯ ಕ್ಲಿಪ್, ರೂಟರಿನ ಪೋರ್ಟ್ ಬದಲಿಸಿ ನೋಡಿ. ತಂತಿ ಸರಿಯಿದ್ದು ವಿಳಾಸ ಬಾರದೆ, ಐಕಾನ್ 45 ಸೆಕೆಂಡ್ ತಿರುಗಿ ಸೋಲುತ್ತಿದ್ದರೆ ರೂಟರಿನ ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರಿಸುತ್ತಿಲ್ಲ. ಕೇಬಲ್ ಆಪರೇಟರ್‌ನ ತಂತಿ ನೇರ ಲ್ಯಾಪ್‌ಟಾಪ್‌ಗೆ ಬರುವ ಕಡೆ, ಅವರು ಹಳೆಯ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಲೈನ್ ಕಟ್ಟಿಹಾಕಿದ್ದರೂ ಹೀಗೇ ಆಗುತ್ತದೆ. ಅವರಿಗೆ ಫೋನ್ ಮಾಡಿ ಹೊಸದನ್ನು ಸೇರಿಸಿಸಿ, ಅಥವಾ ಸಂಪರ್ಕದ ‘ಕ್ಲೋನ್ಡ್ ಮ್ಯಾಕ್’ ಜಾಗದಲ್ಲಿ ಹಳೆಯದನ್ನು ಬರೆಯಿರಿ. ಗಿಗಾಬಿಟ್ ಇರಬೇಕಾದ ಕಡೆ ‘ಸುಡೊ ಎಥ್‌ಟೂಲ್’ ಕೊಟ್ಟು ಲ್ಯಾನ್ ಕಾರ್ಡಿನ ಹೆಸರು ಸೇರಿಸಿದಾಗ 100 ಎಂದು ತೋರಿಸಿದರೆ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ಕಡಿದಿರುವ ಸಂಭವ ಹೆಚ್ಚು. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ಇದನ್ನೆಲ್ಲ ಮಾಡಿಯೂ ವೈಫೈ ಏಳದಿದ್ದರೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ಯ ನೆಟ್‌ವರ್ಕ್ ಭಾಗ, ‘ಯುನೇಮ್ -ಆರ್’ ಕೊಟ್ಟಾಗ ಬರುವ ಕರ್ನಲ್ ಆವೃತ್ತಿ, ‘ಡಿಕೆಎಂಎಸ್ ಸ್ಟೇಟಸ್’, ‘ಆರ್‌ಎಫ್‌ಕಿಲ್ ಲಿಸ್ಟ್’, ‘ಡಿಎಂಇಎಸ್‌ಜಿ’ಯಲ್ಲಿ ಆರ್‌ಟಿಡಬ್ಲ್ಯು ಇರುವ ಸಾಲುಗಳು, ಈ ಐದನ್ನು ಹಾಗೇ ನಕಲು ಮಾಡಿ ಕಳಿಸಿ. ಫೋಟೊ ಬೇಡ, ಪಠ್ಯವೇ ಇರಲಿ. ಮ್ಯಾಕ್ ವಿಳಾಸ ಕಂಡರೆ ಅಳಿಸಿಬಿಡಿ.